ಹೊಗೆ ಚೀಟಿಯ ಹಿಂದಿನ ಚರಿತ್ರೆ

"ಸಾರ್, ಫೇಲ್ ಆಗಿದೆ."

ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಿಲ್ಲಿಸಿದ್ದ ವ್ಯಾನಿನೊಳಗಿಂದ ಹುಡುಗ ತಲೆ ಹೊರಹಾಕಿ ಹೇಳಿದಾಗ ನನಗೆ ನಗು ಬಂತು. ಎಮಿಷನ್ ಟೆಸ್ಟಿನಲ್ಲಿ ಫೇಲಾಗುವುದು ಅಂತ ಒಂದಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಗಾಡಿ ನಿಲ್ಲಿಸುವುದು, ದುಡ್ಡು ಕೊಡುವುದು, ನಂಬರ್ ಪ್ಲೇಟಿನ ಫೋಟೊ ತೆಗೆಸಿಕೊಂಡು ಚೀಟಿ ಪಡೆಯುವುದು, ಇಷ್ಟೇ ಅದು ಎಂದುಕೊಂಡಿದ್ದೆ. ಹುಡುಗ ಪರದೆಯನ್ನು ನನ್ನ ಕಡೆ ತಿರುಗಿಸಿದ. ಕಾರ್ಬನ್ ಮೊನಾಕ್ಸೈಡ್ ಶೇಕಡಾ 2.1. ಇರಬೇಕಾದದ್ದು 0.5ರ ಒಳಗೆ. ಹೈಡ್ರೋಕಾರ್ಬನ್ 860 ಪಿಪಿಎಂ. ಇರಬೇಕಾದದ್ದು 750ರ ಒಳಗೆ.

ಇದು 2022ರ ಮಳೆಗಾಲದ ಮಾತು. ಕಾರು 2009ರದ್ದು, ಕೆಎ 44 ನೋಂದಣಿಯದು. ತಿಪಟೂರಿನಲ್ಲಿರುವ ಭಾವನಿಂದ ಹಿಂದಿನ ತಿಂಗಳಷ್ಟೇ ಕೊಂಡು ಬೆಂಗಳೂರಿಗೆ ತಂದಿದ್ದೆ. ನನ್ನ ಮುಖ ನೋಡಿ ಹುಡುಗನಿಗೆ ಕನಿಕರ ಬಂದಿರಬೇಕು. ದನಿ ತಗ್ಗಿಸಿ, "ಬೇರೆ ಕಡೆ ಹೋಗಿ ಸಾರ್. ಪೈಪು ಹಾಕದೇನೇ ಮಾಡ್ಕೊಡೋರು ಇದಾರೆ. ಸ್ವಲ್ಪ ಜಾಸ್ತಿ ತಗೋತಾರೆ ಅಷ್ಟೆ" ಅಂದ. ನಾನು ಚೀಟಿಯಿಲ್ಲದೆ ಮನೆಗೆ ಬಂದೆ.

ಆ ರಾತ್ರಿ ನನ್ನನ್ನು ಕಾಡಿದ್ದು ಆ 0.5 ಎಂಬ ಅಂಕಿ. ಅದನ್ನು ಗೊತ್ತುಮಾಡಿದವರು ಯಾರು? ನಿಯಮ ಹುಡುಕಿ ಓದಿದೆ. 2004ರಿಂದ ಜಾರಿಯಲ್ಲಿರುವ ಮಿತಿಗಳ ಪ್ರಕಾರ ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಶೇಕಡಾ 3ರವರೆಗೆ ಮಾಫಿಯಿದೆ. ಅಂದರೆ ನನ್ನ ಕಾರಿನದೇ ಹೊಗೆ ಇನ್ನೊಂದು ಹಳೇ ಕಾರಿನ ಬಾಲದಿಂದ ಬಂದಿದ್ದರೆ ಪಾಸು! ಒಂದೇ ವಿಷ, ಎರಡು ತೀರ್ಪು. ಇದಕ್ಕೆ ಕಾರಣ ಎರಡು ಕಾರುಗಳ ನಡುವೆ ಬಂದು ಕೂತ ಒಂದು ಡಬ್ಬಿ. ಅದರ ಕಥೆಗೆ ಬರುವ ಮೊದಲು ಲಾಸ್ ಏಂಜಲೀಸಿಗೆ ಹೋಗಬೇಕು.

1943ರ ಜುಲೈ. ಎರಡನೇ ಮಹಾಯುದ್ಧ ನಡೆಯುತ್ತಿದೆ. ಒಂದು ದಿನ ಲಾಸ್ ಏಂಜಲೀಸಿನ ಬೀದಿಗಳಲ್ಲಿ ಕಂದು ಮುಸುಕು ಇಳಿಯಿತು. ಜನರ ಕಣ್ಣು ಉರಿಯಿತು, ಗಂಟಲು ಕೆರೆಯಿತು. ಜಪಾನಿನವರು ವಿಷಾನಿಲ ಬಿಟ್ಟರೆಂದು ಹೆದರಿದವರೂ ಇದ್ದರು. ಊರೊಳಗಿನ ಕೃತಕ ರಬ್ಬರ್ ಕಾರ್ಖಾನೆಯೊಂದರ ಮೇಲೆ ಅನುಮಾನ ಹೋಯಿತು. ಅದನ್ನು ಮುಚ್ಚಿಸಿದರೂ ಮುಸುಕು ಹೋಗಲಿಲ್ಲ. ತಾನು ಓಡಿಸುವ ಕಾರೇ ತನ್ನ ಕಣ್ಣುರಿಸುತ್ತಿದೆಯೆಂದು ಯಾರಿಗೂ ಹೊಳೆಯಲಿಲ್ಲ.

ಅದನ್ನು ಕಂಡುಹಿಡಿದವರು ಕ್ಯಾಲ್‌ಟೆಕ್‌ನಲ್ಲಿದ್ದ ಡಚ್ ಮೂಲದ ರಸಾಯನಶಾಸ್ತ್ರಜ್ಞ ಆರಿ ಹಾಗೆನ್-ಸ್ಮಿಟ್. ಅವರು ಅಲ್ಲಿಯವರೆಗೆ ಮಾಡುತ್ತಿದ್ದದ್ದು ಅನಾನಸ್ ಹಣ್ಣಿನ ಪರಿಮಳ ಯಾವ ಯಾವ ವಸ್ತುಗಳಿಂದ ಬರುತ್ತದೆಂಬ ಸಂಶೋಧನೆ. ಹಣ್ಣಿನ ಘಮವನ್ನು ಹಿಡಿಯುವ ವಿದ್ಯೆಯನ್ನೇ ಅವರು ಊರಿನ ಗಾಳಿಗೆ ಹಚ್ಚಿದರು. ಸುಡದೆ ಉಳಿದ ಪೆಟ್ರೋಲಿನ ಹೈಡ್ರೋಕಾರ್ಬನ್ನುಗಳು ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿಗೆ ಸಿಕ್ಕಿ ಓಝೋನ್ ಆಗುತ್ತವೆ, ಕಣ್ಣುರಿಸುವ ಮುಸುಕು ಹುಟ್ಟುವುದು ಹೀಗೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಎಣ್ಣೆ ಕಂಪನಿಗಳು ಒಪ್ಪಲಿಲ್ಲ. ಆದರೆ ಕ್ಯಾಲಿಫೋರ್ನಿಯಾ ರಾಜ್ಯ ಒಪ್ಪಿತು. 1966ರ ಮಾದರಿಯ ಕಾರುಗಳಿಗೆ ಅದು ಹೊಗೆಯ ಮಿತಿ ಹಾಕಿತು. ಮುಂದೆ ಅಲ್ಲಿ ವಾಯು ಸಂಪನ್ಮೂಲ ಮಂಡಳಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರೂ ಇದೇ ಅನಾನಸ್ ಪಂಡಿತರು.

ಮರುದಿನ ಕಾರನ್ನು ನಮ್ಮ ಬೀದಿಯ ಕೊನೆಯ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಗಾಡಿಯಡಿ ತೂರಿ, ಸ್ಪ್ಯಾನರಿನಿಂದ ಸೈಲೆನ್ಸರ್ ಪೈಪಿಗೆ ಎರಡು ಸಲ ಬಡಿದು, ಹಾಗೇ ಮಲಗಿಕೊಂಡೇ ಹೇಳಿದರು: "ಸಾರ್, ಒಳಗೆ ಏನೂ ಇಲ್ಲ. ಕ್ಯಾಟ್‌ಕಾನ್ ತೆಗೆದು ಬರೀ ಪೈಪ್ ವೆಲ್ಡ್ ಮಾಡವ್ರೆ." ಆಕ್ಸಿಜನ್ ಸೆನ್ಸರ್ ಮಸಿ ಹಿಡಿದು ಸತ್ತಿತ್ತು. ಗಾಳಿ ಎಷ್ಟು, ಪೆಟ್ರೋಲ್ ಎಷ್ಟು ಎಂಬ ಹದ ತಪ್ಪಿ ಎಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಯುತ್ತಿತ್ತು.

ಕ್ಯಾಟ್‌ಕಾನ್ ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್. ನಾನು ಹೇಳಿದ ಡಬ್ಬಿ ಇದೇ. ಒಳಗೆ ಜೇನುಗೂಡಿನಂಥ ಸಣ್ಣ ಸಣ್ಣ ಕೊಳವೆಗಳ ಪಿಂಗಾಣಿ ದಿಂಡು. ಅದರ ಮೈಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪ. ಬಿಸಿ ಹೊಗೆ ಅದರೊಳಗೆ ಹಾಯುವಾಗ ಕಾರ್ಬನ್ ಮೊನಾಕ್ಸೈಡ್ ಹೋಗಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಸುಡದ ಪೆಟ್ರೋಲ್ ಅದೇ ಅನಿಲವೂ ನೀರಿನ ಆವಿಯೂ ಆಗುತ್ತದೆ, ನೈಟ್ರೋಜನ್ ಆಕ್ಸೈಡ್ ಒಡೆದು ಬರೀ ನೈಟ್ರೋಜನ್ ಆಗುತ್ತದೆ. ಆ ಲೋಹಗಳಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆ.

ಯೂಜೀನ್ ಹೌಡ್ರಿ ಎಂಬ ಫ್ರೆಂಚ್ ಎಂಜಿನಿಯರ್ ಅಮೆರಿಕದಲ್ಲಿ ಇಂಥದ್ದೊಂದನ್ನು 1950ರ ದಶಕದಲ್ಲೇ ಮಾಡಿ ಪೇಟೆಂಟ್ ಪಡೆದಿದ್ದ. ಆದರೆ ಕಾರಿಗೆ ಹಾಕಿದರೆ ಅದು ಬಾಳುತ್ತಿರಲಿಲ್ಲ. ಪೆಟ್ರೋಲಿನಲ್ಲಿದ್ದ ಸೀಸ ಲೋಹದ ಲೇಪದ ಮೇಲೆ ಕೂತು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತಿತ್ತು.

ಸೀಸ ಪೆಟ್ರೋಲಿಗೆ ಬಂದದ್ದು 1921ರಲ್ಲಿ, ಜನರಲ್ ಮೋಟಾರ್ಸ್‌ನ ಥಾಮಸ್ ಮಿಡ್ಗ್ಲಿ ಎಂಬಾತನ ಪ್ರಯೋಗದಿಂದ. ಎಂಜಿನ್ ಕುಟ್ಟುವ ಸದ್ದು ಅದರಿಂದ ನಿಲ್ಲುತ್ತಿತ್ತು. 1924ರಲ್ಲಿ ನ್ಯೂಜೆರ್ಸಿಯಲ್ಲಿ ಅದನ್ನು ತಯಾರಿಸುತ್ತಿದ್ದ ಘಟಕದ ಐವರು ಕೆಲಸಗಾರರು ಸೀಸದ ವಿಷವೇರಿ ಸತ್ತಾಗ, ಮಿಡ್ಗ್ಲಿ ಪತ್ರಕರ್ತರೆದುರು ಆ ದ್ರವದಲ್ಲಿ ಕೈ ತೊಳೆದು, ಮೂಸಿ, ಏನೂ ಆಗುವುದಿಲ್ಲವೆಂದು ತೋರಿಸಿದ. ಅದಕ್ಕೆ ಹಿಂದಿನ ವರ್ಷವೇ ತಾನೂ ಸೀಸದ ವಿಷದಿಂದ ಹುಷಾರು ತಪ್ಪಿ ರಜೆ ಹಾಕಿದ್ದ ಸಂಗತಿಯನ್ನು ಮಾತ್ರ ಹೇಳಲಿಲ್ಲ. ಅಲ್ಲಿಂದ ಐವತ್ತು ವರ್ಷ ಲೋಕವೆಲ್ಲ ಸೀಸವನ್ನು ಉಸಿರಾಡಿತು. ಭೂಮಿಯ ವಯಸ್ಸನ್ನು ಲೆಕ್ಕಹಾಕಿದ ಕ್ಲೇರ್ ಪ್ಯಾಟರ್ಸನ್, ಅವರೂ ಕ್ಯಾಲ್‌ಟೆಕ್‌ನವರೇ, ತಮ್ಮ ಪ್ರಯೋಗಾಲಯದ ಮೂಲೆಮೂಲೆಯಲ್ಲೂ ಸೀಸ ಕಂಡು ಗಾಬರಿಯಾಗಿ 1965ರಿಂದ ಬಹಿರಂಗವಾಗಿ ಎಚ್ಚರಿಸತೊಡಗಿದರು.

ಆದರೆ ಸೀಸವನ್ನು ಪೆಟ್ರೋಲಿನಿಂದ ಮೊದಲು ಹೊರದಬ್ಬಿದ್ದು ಮಕ್ಕಳ ಮೇಲಿನ ಕರುಣೆಯಲ್ಲ, ಆ ಡಬ್ಬಿಯ ಅನಿವಾರ್ಯ. 1970ರ ಡಿಸೆಂಬರ್ 31ರಂದು ಸಹಿಯಾದ ಅಮೆರಿಕದ ಶುದ್ಧ ಗಾಳಿ ಕಾಯಿದೆ ಕಾರಿನ ಹೊಗೆಯನ್ನು ಶೇಕಡಾ 90ರಷ್ಟು ಇಳಿಸಬೇಕೆಂದಿತು. ಕಂಪನಿಗಳು ಆಗದೆಂದವು. ಕೊನೆಗೆ 1975ರ ಮಾದರಿಯ ಹೆಚ್ಚಿನ ಕಾರುಗಳು ಕನ್ವರ್ಟರ್ ಹೊತ್ತೇ ಬಂದವು. ಅವುಗಳಿಗಾಗಿ ಸೀಸವಿಲ್ಲದ ಪೆಟ್ರೋಲ್ ಬಂಕಿಗೆ ಬಂತು. ಹೊಸ ಕಾರು ಚೊಕ್ಕಟವಾಗಿದ್ದರೆ ಸಾಲದು, ಹಳತಾದ ಮೇಲೂ ಹಾಗೇ ಇದೆಯೇ ಎಂದು ನೋಡಬೇಕಲ್ಲ? ನ್ಯೂಜೆರ್ಸಿ ರಾಜ್ಯ 1974ರಲ್ಲೇ ಓಡುವ ಕಾರುಗಳ ಹೊಗೆ ತಪಾಸಣೆಯನ್ನು ಕಡ್ಡಾಯ ಮಾಡಿತ್ತು. ಬಂಕಿನ ಮೂಲೆಯ ನಮ್ಮ ವ್ಯಾನು ಅದರ ದೂರದ ನೆಂಟ.

ನಮ್ಮಲ್ಲಿ ಈ ಚರಿತ್ರೆ ದೆಹಲಿಯಿಂದ ಶುರು. 1985ರಲ್ಲಿ ವಕೀಲ ಎಂ.ಸಿ. ಮೆಹ್ತಾ ವಾಹನಗಳ ಹೊಗೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೊಗೆಗೆ ಮಿತಿ ಹಾಕಿದವು. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು, ಜೊತೆಗೇ ಸೀಸರಹಿತ ಪೆಟ್ರೋಲ್ ಬಂತು. ದೇಶವಿಡೀ ಸೀಸ ಹೋದದ್ದು 2000ದಲ್ಲಿ.

ಇಲ್ಲೊಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಭಾರತ್ ಸ್ಟೇಜ್ 3 ಬೆಂಗಳೂರಿಗೆ ಬಂದದ್ದು 2005ರಲ್ಲಿ, ತಿಪಟೂರಿಗೆ 2010ರಲ್ಲಿ. ಸ್ಟೇಜ್ 4 ಬೆಂಗಳೂರಿಗೆ 2010ರಲ್ಲಿ, ಇಡೀ ದೇಶಕ್ಕೆ 2017ರಲ್ಲಿ. ಅಂದರೆ ವರ್ಷಗಟ್ಟಲೆ ನಮ್ಮ ಕಾನೂನೇ ಹೇಳುತ್ತಿತ್ತು: ದೊಡ್ಡ ಊರಿನವರ ಶ್ವಾಸಕೋಶಕ್ಕೆ ಒಂದು ಅಳತೆ, ಸಣ್ಣ ಊರಿನವರದಕ್ಕೆ ಇನ್ನೊಂದು. ಒಳ್ಳೆಯ ಪೆಟ್ರೋಲ್, ಡೀಸೆಲ್ ಎಲ್ಲ ಕಡೆ ಒಟ್ಟಿಗೆ ಒದಗಿಸಲು ಆಗುತ್ತಿರಲಿಲ್ಲ ಎಂಬ ಕಾರಣವೇನೋ ನಿಜ. ಆದರೆ ಗಾಳಿಗೆ ಆ ಕಾರಣ ಗೊತ್ತಿಲ್ಲ. 2020ರ ಏಪ್ರಿಲ್ 1ರಂದು ಸ್ಟೇಜ್ 6 ಬಂದಾಗಲೇ ಹೊಸ ಗಾಡಿಗಳಿಗೆ ದೇಶವೆಲ್ಲ ಒಂದೇ ದಿನ ಒಂದೇ ಅಳತೆಯಾದದ್ದು.

ಭಾವನಿಗೆ ಫೋನ್ ಮಾಡಿದೆ. "ಭಾವ, ಕ್ಯಾಟ್‌ಕಾನ್ ತೆಗೆಸಿದ್ರಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಐದು ವರ್ಷ ಆಯ್ತು ಕಣಯ್ಯ. ಅದು ಕಟ್ಕೊಂಡಿದೆ, ತೆಗೆದ್ರೆ ಪಿಕಪ್ ಬರುತ್ತೆ, ಮೈಲೇಜ್ ಬರುತ್ತೆ ಅಂದ ಇಲ್ಲಿನ ಮೆಕ್ಯಾನಿಕ್. ಅದನ್ನ ಅವನೇ ಇಟ್ಕೊಂಡ. ನಂಗೇನು ಗೊತ್ತು?" ಅಂದರು. ಆಮೇಲೆ ತಾವೇ ದಾರಿ ಸೂಚಿಸಿದರು: "ಅಷ್ಟೊಂದು ತಲೆ ಕೆಡಿಸ್ಕೋಬೇಡ. ಬೆಂಗಳೂರಲ್ಲಿ ಆಗ್ಲಿಲ್ಲ ಅಂದ್ರೆ ಇಲ್ಲಿಗೆ ವಾಪಸ್ ತಂದ್ಬಿಡು. ಯಾರಿಗಾದ್ರೂ ಕೊಡಿಸ್ತೀನಿ. ಇಲ್ಲಿ ಯಾರು ಕೇಳ್ತಾರೆ?"

ಅವರು ಕೆಟ್ಟವರಲ್ಲ. ನನಗೆ ನಷ್ಟವಾಗಬಾರದೆಂದೇ ಹೇಳಿದ ಮಾತು ಅದು. ಆದರೆ ಅವರು 'ಇಲ್ಲಿ' ಅಂದ ಜಾಗದಲ್ಲೇ, ಹೆದ್ದಾರಿಗೆ ಮುಖಮಾಡಿದ ಮನೆಯಲ್ಲಿ, ನನ್ನ ಅಮ್ಮ ಇದ್ದಾಳೆ. ದಿನಕ್ಕೆ ಎರಡು ಸಲ ಕಿಟಕಿಯ ಸರಳಿನ ಕಪ್ಪು ಒರೆಸುತ್ತಾಳೆ, ರಾತ್ರಿ ಇನ್‌ಹೇಲರ್ ಎಳೆದುಕೊಂಡು ಮಲಗುತ್ತಾಳೆ. ಅಮ್ಮನ ಉಬ್ಬಸಕ್ಕೆ ಈ ಕಾರೇ ಕಾರಣ ಎಂದು ನಾನು ಹೇಳಲಾರೆ. ಆದರೆ ಐದು ವರ್ಷ ಈ ಬರೀ ಪೈಪಿನ ಕಾರು ಭಾನುವಾರಕ್ಕೊಮ್ಮೆ ನಿಲ್ಲುತ್ತಿದ್ದದ್ದು ಅವಳ ಗೇಟಿನ ಮುಂದೆಯೇ.

ನನ್ನ ಮುಂದೆ ಮೂರು ದಾರಿಗಳಿದ್ದವು. ಸುಳ್ಳು ಚೀಟಿ, ಸಣ್ಣ ಊರಿಗೆ ಮಾರಾಟ, ರಿಪೇರಿ. ಮೊದಲನೆಯದು ಅಗ್ಗ. ಅದೇನು ನಮ್ಮವರೇ ಕಂಡುಹಿಡಿದ ವಿದ್ಯೆಯೂ ಅಲ್ಲ. 2015ರಲ್ಲಿ ಫೋಕ್ಸ್‌ವಾಗನ್ ಕಂಪನಿ ಸಿಕ್ಕಿಬಿದ್ದದ್ದು ಇದರ ದೊಡ್ಡ ರೂಪದಲ್ಲೇ. ಪರೀಕ್ಷೆ ನಡೆಯುತ್ತಿದೆಯೆಂದು ತಿಳಿದಾಗ ಮಾತ್ರ ಹೊಗೆಯನ್ನು ತಗ್ಗಿಸುವ ತಂತ್ರಾಂಶವನ್ನು ಲೋಕದಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಅಡಗಿಸಿಟ್ಟಿದ್ದರು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪುಟ್ಟ ತಂಡವೊಂದು ಅಳೆಯುವ ಯಂತ್ರವನ್ನು ಕಾರಿನೊಳಗೇ ಇಟ್ಟುಕೊಂಡು ರಸ್ತೆಯಲ್ಲಿ ಓಡಿಸಿ ನೋಡಿದ್ದರಿಂದ ಗುಟ್ಟು ಬಯಲಾಗತೊಡಗಿತು. ಪೈಪು ಹಾಕದೆ ಬರೆದ ಚೀಟಿಗೂ ಆ ತಂತ್ರಾಂಶಕ್ಕೂ ನನಗೆ ಕಂಡ ವ್ಯತ್ಯಾಸ ಗಾತ್ರದ್ದು ಮಾತ್ರ.

ರಿಪೇರಿ ಮಾಡಿಸಿದೆ. ಹೊಸ ಕನ್ವರ್ಟರ್, ಹೊಸ ಸೆನ್ಸರ್, ಪ್ಲಗ್ಗು, ಏರ್ ಫಿಲ್ಟರ್. ಒಟ್ಟು ಖರ್ಚು ಕಾರಿಗೆ ಕೊಟ್ಟ ದುಡ್ಡಿನ ಆರರಲ್ಲೊಂದು ಪಾಲು. ಇದನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ. ಆ ತಿಂಗಳು ನನ್ನ ಹತ್ತಿರ ದುಡ್ಡಿತ್ತು, ಅದಕ್ಕೇ ಮಾಡಿಸಲಾಯಿತು. ಅದೇ ಕಾರನ್ನು ಬಾಡಿಗೆಗೆ ಓಡಿಸಿ ಬದುಕುವವರಾಗಿದ್ದರೆ ಏನು ಮಾಡುತ್ತಿದ್ದೆನೋ. ಹೊಗೆಯ ಕಾನೂನು ಕೊನೆಗೆ ಬಂದು ನಿಲ್ಲುವುದು ಹಳೇ ಕಾರಿನ ಮಾಲೀಕನ ಜೇಬಿನ ಮುಂದೆ. ಕಾರು ಎಷ್ಟು ಹಳತೋ ಜೇಬು ಸಾಮಾನ್ಯವಾಗಿ ಅಷ್ಟೇ ತೆಳುವು. ಚರಿತ್ರೆ ಓದುತ್ತಾ ಹೋದಂತೆ ಆ ಹುಡುಗ ತೋರಿಸಿದ ಅಡ್ಡದಾರಿಯ ಮೇಲೆ ನನಗಿದ್ದ ಸಿಟ್ಟು ಸ್ವಲ್ಪ ಇಳಿಯಿತು, ಮಿಡ್ಗ್ಲಿಯ ಮೇಲಿನದು ಏರಿತು.

ಅದೇ ಬಂಕು, ಅದೇ ವ್ಯಾನು. ಹುಡುಗ ಪೈಪಿಗೆ ಕಡ್ಡಿ ತೂರಿಸಿ ಪರದೆ ನೋಡಿದ. ಕಾರ್ಬನ್ ಮೊನಾಕ್ಸೈಡ್ 0.14. ಹೈಡ್ರೋಕಾರ್ಬನ್ 96. "ಏನ್ಸಾರ್, ಗಾಡೀನೇ ಚೇಂಜ್ ಮಾಡಿದ್ರಾ?" ಅಂದ. ಆರು ತಿಂಗಳ ಚೀಟಿ ಕೊಟ್ಟ.

ದಸರಾ ರಜೆಗೆ ಅದೇ ಕಾರಿನಲ್ಲಿ ಊರಿಗೆ ಹೋದೆ. ಖರ್ಚಿನ ಸುದ್ದಿ ಭಾವನ ಮೂಲಕ ಅಮ್ಮನಿಗೆ ಮೊದಲೇ ತಲುಪಿತ್ತು. ಕಾಫಿ ಲೋಟ ಕೈಗಿಡುತ್ತಾ ಕೇಳಿದಳು: "ಅಷ್ಟೊಂದು ದುಡ್ಡು ಬರೀ ಹೊಗೆಗೆ ಸುರಿದ್ಯೇನೋ?"

"ಹೊಗೆಗೇ ಕಣಮ್ಮ" ಅಂದೆ.

ಅವಳು ಕಾರಿನ ಕಡೆ ಒಂದು ಸಲ ನೋಡಿದಳು. ಆಮೇಲೆ ಬಟ್ಟೆ ತಗೊಂಡು ಕಿಟಕಿಯ ಸರಳು ಒರೆಸಲು ಹೋದಳು. ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಸಾಲುಗಟ್ಟಿ ಹೋಗುತ್ತಲೇ ಇದ್ದವು.