ಬಳಸಿದ ಫೋರ್ ವೀಲ್ ಡ್ರೈವ್ ಗಾಡಿಗಳು: ಮುಂಬಯಿ ಮಾರುಕಟ್ಟೆಯಲ್ಲಿ ಸಾಮರ್ಥ್ಯ ಮತ್ತು ಬಾಳಿಕೆ

ಎಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಹೋಗುವಂತೆ, ಒರಟು ದಾರಿಗೆಂದೇ ಕಟ್ಟಿದ ಗಾಡಿಗಳು ಮುಂಬಯಿ ಮತ್ತು ಅದರ ಉಪನಗರಗಳಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಸದಾ ಕೈ ಬದಲಾಯಿಸುತ್ತಿರುತ್ತವೆ. ಮಹೀಂದ್ರ ಜೀಪು, ಥಾರ್, ಮಾರುತಿ ಜಿಪ್ಸಿ, ಜಿಮ್ನಿ, ಫೋರ್ಸ್ ಗೂರ್ಖಾ, ಟೊಯೋಟಾ ಫಾರ್ಚುನರ್, ಟಾಟಾ ಸಫಾರಿ ಇವುಗಳಲ್ಲಿ ಮುಖ್ಯವಾದವು. ಕೊಳ್ಳುವವರು ಇವುಗಳನ್ನು ಎರಡು ಬಗೆಯಲ್ಲಿ ತೂಗಿ ನೋಡುತ್ತಾರೆ. ಗಾಡಿ ಎಂಥ ಜಾಗವನ್ನು ದಾಟಬಲ್ಲದು ಎಂಬುದು ಒಂದು. ಎಷ್ಟು ಕಾಲ ಕೈಕೊಡದೆ ನಡೆಯುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಮಾಡೆಲ್ಲಿನ ಹೆಸರು ನೋಡಿ ಹೆಚ್ಚುಕಡಿಮೆ ಹೇಳಿಬಿಡಬಹುದು. ಎರಡನೆಯದಕ್ಕೆ ಎದುರಿಗೆ ನಿಂತಿರುವ ಆ ಒಂದು ಗಾಡಿ ಎಲ್ಲಿ ಬದುಕಿತು, ಯಾರ ಕೈಯಲ್ಲಿತ್ತು, ಯಾವ ನೀರಿನಲ್ಲಿ ಇಳಿಯಿತು ಎಂಬುದೇ ಉತ್ತರ. ಕಡಲ ಉಪ್ಪು, ನಾಲ್ಕು ತಿಂಗಳ ಮಳೆ, ಆಗಾಗ ನೆರೆ ಇರುವ ಈ ಊರಿನಲ್ಲಿ ಒಂದೇ ವರ್ಷ ತಯಾರಾದ ಎರಡು ಗಾಡಿಗಳ ನಡುವಿನ ಅಂತರ ಎರಡು ಕಂಪನಿಗಳ ನಡುವಿನ ಅಂತರಕ್ಕಿಂತ ಹೆಚ್ಚಿರುವುದುಂಟು.

ಊರು ಮತ್ತು ಜೀಪು

ಭಾರತದ ಜೀಪಿನ ಕತೆ ಬಹುಪಾಲು ಮುಂಬಯಿಯದೇ. 1945ರ ಅಕ್ಟೋಬರ್ 2ರಂದು ಲುಧಿಯಾನದಲ್ಲಿ ಜೆ. ಸಿ. ಮಹೀಂದ್ರ, ಕೆ. ಸಿ. ಮಹೀಂದ್ರ ಸೋದರರು ಮತ್ತು ಮಲಿಕ್ ಗುಲಾಂ ಮೊಹಮ್ಮದ್ ಸೇರಿ ಉಕ್ಕಿನ ವ್ಯಾಪಾರಕ್ಕೆಂದು ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ ಕಟ್ಟಿದರು. ದೇಶ ವಿಭಜನೆಯಾದಾಗ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಅಮೆರಿಕದ ವಿಲ್ಲೀಸ್ ಕಂಪನಿಯಿಂದ ಬಿಡಿಬಿಡಿಯಾಗಿ ಬಂದ ಜೀಪುಗಳನ್ನು ಮುಂಬಯಿಯ ಮಜಗಾಂವ್‌ನಲ್ಲಿ ಜೋಡಿಸತೊಡಗಿದರು. ಆಮೇಲೆ ಕಾಂದಿವಲಿಯ ಕಾರ್ಖಾನೆ ಬಂತು. ಸಿಜೆ3ಬಿ ಎಂಬ ಎತ್ತರ ಬಾನೆಟ್ಟಿನ ಜೀಪಿನ ತಯಾರಿಕೆ ಅಮೆರಿಕದಲ್ಲಿ 1968ರಲ್ಲಿ ನಿಂತಿತು. ಎಂಜಿನ್ ಎತ್ತರವಿದ್ದುದರಿಂದ ಬಾನೆಟ್ ಎತ್ತರಿಸಬೇಕಾಗಿ ಬಂದು ಆ ರೂಪ ಬಂದದ್ದು. ಆ ಜೀಪನ್ನು ಮಹೀಂದ್ರ ಅದಾದ ಮೇಲೂ ಬಹುಕಾಲ ತಯಾರಿಸುತ್ತ ಬಂತು.

ಊರಿಗೆ ಹೋದಾಗ ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿ ಹತ್ತಿದ ಮುಂಬಯಿ ಕನ್ನಡಿಗರಿಗೆ ಈ ಜೀಪುಗಳ ಸಾಮರ್ಥ್ಯವನ್ನು ವಿವರಿಸಬೇಕಾಗಿಲ್ಲ. ಕಲ್ಲು ಎದ್ದ, ಮಳೆಗೆ ಕೊರೆದ ಆ ಏರಿನಲ್ಲಿ ಬಾಡಿಗೆಗೆ ಓಡುವುದು ಹಳೆಯ ಮಹೀಂದ್ರ ಜೀಪುಗಳೇ. ಮುಂಬಯಿಯಲ್ಲಿ ಹಳೆಯ ಫೋರ್ ಬೈ ಫೋರ್ ಹುಡುಕಿ ಊರಿನ ತೋಟಕ್ಕೆ ಒಯ್ಯುವ ಆಸೆಯ ಹಿಂದೆ ಅಂಥ ನೋಟಗಳಿವೆ.

ಸಾಮರ್ಥ್ಯವನ್ನು ಅಳೆಯುವುದು

ನೆಲದಿಂದ ಗಾಡಿಯ ಹೊಟ್ಟೆಗಿರುವ ಎತ್ತರ, ಮುಂದಿನ ಮತ್ತು ಹಿಂದಿನ ಏರುಕೋನ, ನೀರಿನಲ್ಲಿ ಇಳಿಯಬಹುದಾದ ಆಳ, ಇವು ಕಂಪನಿ ಹೇಳುವ ಅಂಕಿಗಳು. ಹೊಸ ಥಾರ್‌ನ ಎತ್ತರ 226 ಮಿಲಿಮೀಟರ್, ಜಿಮ್ನಿಯದು 210, 2021ರ ಗೂರ್ಖಾದ್ದು 205. ನೀರಿನ ಆಳ ಥಾರ್‌ಗೆ 650 ಮಿಲಿಮೀಟರ್, ಗೂರ್ಖಾಗೆ 700. ಅಂಕಿಗಳಲ್ಲಿ ಅಂತರ ಸಣ್ಣದು. ಒರಟು ನೆಲದಲ್ಲಿ ಅಂತರ ಕಾಣುವುದು ಬೇರೆ ಮೂರು ಕಡೆ.

ಒಂದು, ಲೋ ಗೇರ್. ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಎರಡನೆಯ ಹಲ್ಲುಗಾಲಿ ಜೋಡಿ ವೇಗವನ್ನು ತಗ್ಗಿಸಿ ಎಳೆತವನ್ನು ಹೆಚ್ಚಿಸುತ್ತದೆ. ಅದು ಇಲ್ಲದ ಗಾಡಿ ಎಷ್ಟೇ ದೊಡ್ಡದಿದ್ದರೂ ಕಡಿದಾದ ಇಳಿತದಲ್ಲಿ ಬ್ರೇಕನ್ನೇ ನಂಬಬೇಕು. ಎರಡು, ಡಿಫರೆನ್ಷಿಯಲ್ ಲಾಕ್. ಎದುರುಬದುರು ಮೂಲೆಯ ಎರಡು ಚಕ್ರಗಳು ಹಳ್ಳದ ಮೇಲೆ ಗಾಳಿಯಲ್ಲಿ ತೇಲಿದಾಗ ಬಲವೆಲ್ಲ ಆ ಬರಿದಾದ ಚಕ್ರಗಳಿಗೇ ಹೋಗಿ, ನೆಲ ಮುಟ್ಟಿರುವ ಚಕ್ರಗಳು ಸುಮ್ಮನೆ ನಿಲ್ಲುತ್ತವೆ. ಲಾಕ್ ಹಾಕಿದರೆ ಎರಡೂ ಬದಿಯ ಚಕ್ರಗಳು ಒಟ್ಟಿಗೆ ತಿರುಗಲೇಬೇಕು. ಮೂರು, ತೂಕ. ರಾಯಗಡ ಕರಾವಳಿಯ ಮರಳಿನಲ್ಲಿ, ಕೊಂಕಣದ ಕೆಂಪು ಕೆಸರಿನಲ್ಲಿ ಹಗುರ ಗಾಡಿ ತೇಲಿದಂತೆ ಸಾಗುವಾಗ ಭಾರದ ಗಾಡಿ ಹೂತುಕೊಳ್ಳುತ್ತದೆ. ಇವುಗಳ ಮೇಲೆ ಟೈರು. ಸವೆದ ರಸ್ತೆ ಟೈರಿನ ಥಾರ್‌ಗಿಂತ ಒಳ್ಳೆಯ ಮಣ್ಣಿನ ಟೈರಿನ ಹಳೆಯ ಜಿಪ್ಸಿ ಮುಂದೆ ಹೋಗುತ್ತದೆ.

ಮಾಡೆಲ್ಲುಗಳು

ಜಿಪ್ಸಿ 1985ರ ಡಿಸೆಂಬರಿನಲ್ಲಿ ಬಂತು. ಆಗ ಅದಕ್ಕಿದ್ದದ್ದು 970 ಸಿಸಿಯ ಸಣ್ಣ ಪೆಟ್ರೋಲ್ ಎಂಜಿನ್. 1996ರಲ್ಲಿ 1,298 ಸಿಸಿಯ ಜಿಪ್ಸಿ ಕಿಂಗ್, ಕೆಲವು ವರ್ಷಗಳ ಮೇಲೆ ಅದೇ ಎಂಜಿನ್ನಿನ 80 ಅಶ್ವಶಕ್ತಿಯ ಎಂಪಿಎಫ್‌ಐ ರೂಪ ಬಂದವು. ಹೊಸ ಸುರಕ್ಷತಾ ನಿಯಮಗಳು ಬರುವ ಹೊತ್ತಿಗೆ, 2010ರ ದಶಕದ ಕೊನೆಯಲ್ಲಿ, ತಯಾರಿಕೆ ನಿಂತಿತು. ಲಾಕ್ ಇಲ್ಲ, ಎಂಜಿನ್ ದೊಡ್ಡದಲ್ಲ. ಒಂದು ಟನ್ನಿಗಿಂತ ಕಡಿಮೆ ತೂಕವೇ ಅದರ ದೊಡ್ಡ ಬಲ. ಮುಂದೆ ಹಿಂದೆ ಕಮಾನುಪಟ್ಟಿಗಳ (ಲೀಫ್ ಸ್ಪ್ರಿಂಗ್) ಮೇಲೆ ಗಟ್ಟಿ ಆಕ್ಸಲ್ ಇರುವುದರಿಂದ ನಗರದ ರಸ್ತೆಯಲ್ಲಿ ಬೆನ್ನು ನೋಯುತ್ತದೆ, ಹಳ್ಳಿಯ ಮೆಕ್ಯಾನಿಕ್ಕಿಗೆ ಮಾತ್ರ ರಿಪೇರಿ ಸುಲಭ. ಹಳೆಯದನ್ನು ನೋಡುವಾಗ ಮುಂದಿನ ಚಕ್ರದ ಒಳಬದಿಯ ನಕಲ್‌ನಲ್ಲಿ ಎಣ್ಣೆ ಸೋರಿಕೆ, ಕಿಂಗ್‌ಪಿನ್ ಬೇರಿಂಗ್ ಸವೆತ, ನೆಲಹಾಸಿನ ಅಡಿಯ ತುಕ್ಕು ಈ ಮೂರನ್ನೂ ಪರೀಕ್ಷಿಸಬೇಕು. ಬೇರಿಂಗ್ ಹೋಗಿದ್ದರೆ ವೇಗದಲ್ಲಿ ಸ್ಟೀರಿಂಗ್ ಒಮ್ಮೆಲೇ ನಡುಗತೊಡಗುತ್ತದೆ. ಮುರಿಯುವುದು ಕಡಿಮೆ, ಮುರಿದರೆ ಏನು ಮುರಿದಿದೆ ಎಂದು ಬರಿಗಣ್ಣಿಗೆ ಕಾಣುತ್ತದೆ. ಆ ಕಾರಣಕ್ಕೆ ಕಲಿಯುವವರಿಗೆ ಜಿಪ್ಸಿಯಷ್ಟು ಒಳ್ಳೆಯ ಹಳೆಯ ಗಾಡಿ ಇನ್ನೊಂದಿಲ್ಲ.

ಮಹೀಂದ್ರ ಎಂಎಂ540 ಮತ್ತು ಅದರ ಬಳಗದ ಜೀಪುಗಳಲ್ಲಿ ಫ್ರಾನ್ಸಿನ ಪ್ಯೂಜೊ ಮೂಲದ ಡೀಸೆಲ್ ಎಂಜಿನ್ನುಗಳಿದ್ದವು. ಸದ್ದು ಜಾಸ್ತಿ, ವೇಗ ಇಲ್ಲ. ಸ್ಟೀರಿಂಗಿನಲ್ಲಿ ಆಟ, ಒಂದೇ ಬದಿಗೆ ಎಳೆಯುವ ಡ್ರಮ್ ಬ್ರೇಕು ಇವುಗಳ ಹುಟ್ಟುಗುಣ ಎನ್ನಬೇಕು. ಎಂಜಿನ್ ಮಾತ್ರ ಎಣ್ಣೆ ಬದಲಿಸುತ್ತಿದ್ದರೆ ದಶಕಗಳ ಕಾಲ ನಡೆಯುತ್ತದೆ.

ಥಾರ್ ಎಂಬ ಹೆಸರಿನಲ್ಲಿ ಎರಡು ಬೇರೆ ಗಾಡಿಗಳಿವೆ. 2010ರದ್ದು ಹಳೆಯ ಜೀಪಿನ ವಂಶದ್ದು: 2,498 ಸಿಸಿಯ ಸಿಆರ್‌ಡಿಇ ಎಂಜಿನ್, 105 ಅಶ್ವಶಕ್ತಿ, ಹಿಂದೆ ಕಮಾನುಪಟ್ಟಿ, ಮುಂದೆ ಮಾತ್ರ ಬಿಡಿಬಿಡಿ ಚಕ್ರದ ಸಸ್ಪೆನ್ಷನ್. 2015ರ ಪರಿಷ್ಕರಣೆಯಲ್ಲಿ ಹಿಂದಿನ ಆಕ್ಸಲ್‌ಗೆ ತಾನೇ ಲಾಕ್ ಆಗುವ ಡಿಫರೆನ್ಷಿಯಲ್ ಬಂತು. 2015ರ ನಂತರದ ಥಾರ್ ಹುಡುಕುವುದಕ್ಕೆ ಇದೊಂದೇ ಸಾಕಷ್ಟು ಕಾರಣ. ಮುಂದಿನ ಡ್ರೈವ್ ಶಾಫ್ಟಿನ ರಬ್ಬರ್ ಬೂಟು ಹರಿದಿದ್ದರೆ ಒಳಗೆ ಮಣ್ಣು ಸೇರಿ ಜಾಯಿಂಟ್ ಬೇಗ ಹಾಳಾಗುತ್ತದೆ. ಹಳೆಯ ಡಿಐ ಎಂಜಿನ್ನಿನ ಥಾರ್‌ಗಳಲ್ಲಿ ಎರಡೇ ಚಕ್ರಕ್ಕೆ ಬಲ ಹೋಗುವವೂ ಇದ್ದವು. 2020ರ ಅಕ್ಟೋಬರ್ 2ರಂದು ಬಿಡುಗಡೆಯಾದ ಎರಡನೆಯ ಥಾರ್ ಪೂರಾ ಬೇರೆ. ನಾಸಿಕದಲ್ಲಿ ತಯಾರಾಗುವ ಇದಕ್ಕೆ 2 ಲೀಟರಿನ 150 ಅಶ್ವಶಕ್ತಿಯ ಪೆಟ್ರೋಲ್ ಇಲ್ಲವೆ 2.2 ಲೀಟರಿನ 130 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಇದೆ. ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆಯಿತು. 2023ರಿಂದ ಹಿಂದಿನ ಚಕ್ರಕ್ಕೆ ಮಾತ್ರ ಬಲವಿರುವ 1.5 ಲೀಟರ್ ಡೀಸೆಲ್ ಥಾರ್ ಕೂಡ ಮಾರಾಟವಾಗಿದೆ. ಹೊರಗಿನಿಂದ ಎರಡೂ ಒಂದೇ. ಗೇರ್ ಲಿವರಿನ ಪಕ್ಕ ಎರಡನೆಯ ಲಿವರ್ ಇಲ್ಲದಿದ್ದರೆ ಅದು ಫೋರ್ ಬೈ ಫೋರ್ ಅಲ್ಲ.

ಹೆಸರಿನ ಇಂಥದೇ ಮೋಸ ಸಫಾರಿಯಲ್ಲೂ ಇದೆ. ಟಾಟಾ 1998ರಲ್ಲಿ ತಂದ, 2019ರವರೆಗೆ ರೂಪಾಂತರಗಳಲ್ಲಿ ಬಂದ ಸಫಾರಿಗೆ ಫೋರ್ ಬೈ ಫೋರ್ ಆಯ್ಕೆ ಇತ್ತು. 2021ರ ಸಫಾರಿ ಮುಂದಿನ ಚಕ್ರಗಳಿಗೆ ಮಾತ್ರ ಬಲ ಕೊಡುವ ಗಾಡಿ.

ಗೂರ್ಖಾ ಶುದ್ಧ ಸಾಮರ್ಥ್ಯದಲ್ಲಿ ಇವೆಲ್ಲಕ್ಕಿಂತ ಮುಂದಿದೆ. ಮುಂದಿನ ಮತ್ತು ಹಿಂದಿನ ಎರಡೂ ಆಕ್ಸಲ್‌ಗಳನ್ನು ಚಾಲಕ ಕೈಯಿಂದ ಲಾಕ್ ಮಾಡುವ ಸೌಲಭ್ಯ ಕಾರ್ಖಾನೆಯಿಂದಲೇ ಬಂದಿರುತ್ತದೆ. 2021ರ ಗಾಡಿಯಲ್ಲಿ ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆದುಕೊಡುವ ಸ್ನಾರ್ಕೆಲ್ ಕೂಡ ಜೊತೆಗೆ ಬಂತು. ಮರ್ಸಿಡಿಸ್ ಮೂಲದ 2.6 ಲೀಟರ್ ಡೀಸೆಲ್ ಎಂಜಿನ್ ಫೋರ್ಸ್ ಕಂಪನಿಯದೇ ಟ್ರಾವೆಲರ್ ವ್ಯಾನುಗಳಲ್ಲೂ ಓಡುತ್ತದೆಯಾದ್ದರಿಂದ ಎಂಜಿನ್ ಭಾಗಗಳ ಚಿಂತೆ ಕಡಿಮೆ. ಬಾಡಿ ಪ್ಯಾನೆಲ್ಲು, ಒಳಗಿನ ಪ್ಲಾಸ್ಟಿಕ್ಕು ಬೇಕಾದಾಗ ಕಾಯಬೇಕಾಗುತ್ತದೆ. ರಸ್ತೆಗಿಳಿದಿರುವ ಗೂರ್ಖಾಗಳೇ ಕಡಿಮೆ. 2023ರ ಜಿಮ್ನಿ ಇದಕ್ಕೆ ತದ್ವಿರುದ್ಧ. 1,200 ಕಿಲೋ ಆಸುಪಾಸಿನ ತೂಕ, ಲೋ ಗೇರ್, ಬ್ರೇಕಿನ ಮೂಲಕ ಜಾರುವ ಚಕ್ರವನ್ನು ಹಿಡಿಯುವ ವ್ಯವಸ್ಥೆ, ಮಾರುತಿಯ ಬೇರೆ ಕಾರುಗಳಲ್ಲಿ ಸವೆದು ಪಳಗಿದ 1,462 ಸಿಸಿ ಎಂಜಿನ್. ಹೊಸದಾಗಿದ್ದಾಗ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಬಳಸಿದ್ದನ್ನು ಕೊಳ್ಳುವವರಿಗೆ ಅದು ಒಳ್ಳೆಯ ಸುದ್ದಿ.

ಫಾರ್ಚುನರ್ ನಮ್ಮ ಬಿಡದಿಯಲ್ಲಿ ತಯಾರಾಗುವ ಗಾಡಿ. 2009ರ ಮೊದಲ ಪೀಳಿಗೆಯ 3 ಲೀಟರ್ ಫೋರ್ ಬೈ ಫೋರ್‌ನಲ್ಲಿ ನಾಲ್ಕೂ ಚಕ್ರಗಳಿಗೆ ಸದಾ ಬಲ ಹೋಗುತ್ತದೆ, ನಡುವಿನ ಡಿಫರೆನ್ಷಿಯಲ್ಲಿಗೆ ಲಾಕ್ ಇದೆ. ಎಂಜಿನ್ ಬಾಳಿಕೆಯಲ್ಲಿ ಇದಕ್ಕೆ ಸಮನಾದದ್ದು ಈ ಪಟ್ಟಿಯಲ್ಲಿಲ್ಲ. ಭಾರ ಮತ್ತು ಗಾತ್ರ ಕಿರಿದಾದ ಕಾಡುದಾರಿಗೆ ತೊಡಕು. ಮುಂಬಯಿಯಿಂದ ಮಂಗಳೂರಿಗೆ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವವರಿಗೆ ಅದೇ ಅನುಕೂಲ. ಮಿತ್ಸುಬಿಷಿ ಪಜೆರೊ ಸಾಮರ್ಥ್ಯದಲ್ಲಿ ಕಡಿಮೆಯಲ್ಲ, ಆದರೆ ಬಿಡಿಭಾಗಗಳ ದಾರಿ ನಂಬಿಕೆಯಿಲ್ಲದ್ದು.

ಉಪ್ಪು ಮತ್ತು ನೆರೆ

ಕಡಲ ಗಾಳಿಯಲ್ಲಿ ವರ್ಷಗಟ್ಟಲೆ ಬಯಲಲ್ಲಿ ನಿಂತ ಗಾಡಿಯ ಚಾಸಿಯನ್ನು ತುಕ್ಕು ಒಳಗಿನಿಂದ ಕೊರೆಯುತ್ತದೆ. ಮೇಲಿನ ಬಣ್ಣ ಹೊಳೆಯುತ್ತಿರಬಹುದು. ಗಾಡಿಯನ್ನು ಜ್ಯಾಕ್ ಮೇಲೆ ಎತ್ತಿಸಿ, ಕಮಾನುಪಟ್ಟಿ ಕೂರುವ ಬ್ರಾಕೆಟ್, ಚಾಸಿಯ ಹಿಂದಿನ ತುದಿಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ, ಬ್ರೇಕ್ ಪೈಪುಗಳನ್ನು ಕಣ್ಣಿಟ್ಟು ನೋಡಬೇಕು. ಗಟ್ಟಿ ಲೋಹ ಕಣಕಣ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಚಾಸಿಗೆ ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಅನುಮಾನಪಡುವುದೇ ಸರಿ. ಗೋರಾಯಿ, ನಾಗಾಂವ್‌ನಂಥ ಕಡೆ ಮರಳಿಗೆ ಇಳಿದು ಉಪ್ಪುನೀರು ತಾಗಿದ ಗಾಡಿಯನ್ನು ಅಂದೇ ಸಿಹಿನೀರಿನಲ್ಲಿ ತೊಳೆಯದಿದ್ದರೆ ಈ ಕೊರೆತಕ್ಕೆ ಹತ್ತು ವರ್ಷ ಬೇಕಾಗುವುದಿಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಊರಿನ ವಾಹನಗಳು ರಾಶಿರಾಶಿಯಾಗಿ ಮುಳುಗಿದವು. ಅಷ್ಟು ದೊಡ್ಡದಲ್ಲದಿದ್ದರೂ ಮುಳುಗಡೆ ಮುಂದೆಯೂ ನಡೆದೇ ಇದೆ. ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆದರೆ ಕೆಸರು ನೀರಿನ ಗೆರೆ ಕಾಣುತ್ತದೆ. ಸೀಟಿನ ಹಳಿ, ಹಾಸಿನ ಅಡಿ, ಫ್ಯೂಸ್ ಪೆಟ್ಟಿಗೆಯ ಮೂಲೆಗಳು ಸುಳ್ಳು ಹೇಳುವುದಿಲ್ಲ. ಫೋರ್ ಬೈ ಫೋರ್‌ನಲ್ಲಿ ಇನ್ನೊಂದು ಪರೀಕ್ಷೆ ಹೆಚ್ಚು: ಎರಡೂ ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸಿನ ಬೋಲ್ಟು ಬಿಚ್ಚಿಸಿ ಎಣ್ಣೆ ನೋಡುವುದು. ಹಾಲು ಬೆರೆತ ಚಹಾದಂತಿದ್ದರೆ ಒಳಗೆ ನೀರು ಹೊಕ್ಕಿದೆ, ಬೇರಿಂಗು ಹಲ್ಲುಗಾಲಿಗಳ ಆಯಸ್ಸು ಮುಗಿಯುತ್ತ ಬಂದಿದೆ.

ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಅಂಧೇರಿಯಿಂದ ಲೋಯರ್ ಪರೇಲಿಗೆ ಆಫೀಸಿಗೆ ಹೋಗಿಬರುವ ಗಾಡಿಯ ಲೋ ಗೇರನ್ನು ವರ್ಷಾನುಗಟ್ಟಲೆ ಯಾರೂ ಮುಟ್ಟಿರುವುದಿಲ್ಲ. ಲಿವರ್, ಶಿಫ್ಟ್ ಫೋರ್ಕು ಜಡ್ಡುಗಟ್ಟಿರುತ್ತವೆ. ಮಣ್ಣಿನ ಮೈದಾನದಲ್ಲಿ ನೇರ ಓಡಿಸಿ ಹೈ, ಲೋ ಎರಡನ್ನೂ ಹಾಕಿ ನೋಡಬೇಕು. ಒಣ ಡಾಂಬರು ರಸ್ತೆಯಲ್ಲಿ ಈ ಪರೀಕ್ಷೆ ಬೇಡ: ಜಿಪ್ಸಿ, ಥಾರ್‌ನಂಥ ಗಾಡಿಗಳಲ್ಲಿ ನಡುವಿನ ಡಿಫರೆನ್ಷಿಯಲ್ ಇಲ್ಲವಾದ್ದರಿಂದ ತಿರುವಿನಲ್ಲಿ ಮುಂದಿನ ಹಿಂದಿನ ಶಾಫ್ಟುಗಳು ಒಂದನ್ನೊಂದು ತಿರುಚಿ ಬಿಗಿಯುತ್ತವೆ.

ಉಪ್ಪಿನ ಲೆಕ್ಕ ಹಿಡಿದರೆ ನಂಬರ್ ಪ್ಲೇಟು ಕೂಡ ಮಾತಾಡುತ್ತದೆ. ಪೆಣ್‌ನ ಎಂಎಚ್-06, ರತ್ನಾಗಿರಿಯ ಎಂಎಚ್-08 ಕರಾವಳಿಯವು. ಪುಣೆಯ ಎಂಎಚ್-12, ನಾಸಿಕದ ಎಂಎಚ್-15, ನಮ್ಮ ಬೆಳಗಾವಿಯ ಕೆಎ-22 ಘಟ್ಟದ ಮೇಲಿನವು. ಮುಂಬಯಿಯಲ್ಲಿ ಕೂತು ಕೊಳ್ಳುವವರು ಘಟ್ಟದ ಮೇಲಿನ ಗಾಡಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಬಿಡಿಭಾಗ ಮತ್ತು ಕಾಗದಪತ್ರ

ಕುರ್ಲಾದ ಗುಜರಿ ಅಂಗಡಿಗಳಲ್ಲಿ, ಒಪೆರಾ ಹೌಸ್ ಸುತ್ತಿನ ಬಿಡಿಭಾಗದ ಅಂಗಡಿಗಳಲ್ಲಿ ಜೀಪಿನ, ಜಿಪ್ಸಿಯ ಸಾಮಾನು ಹುಡುಕುವುದು ಈ ಊರಿನಲ್ಲಿ ಗಾಡಿ ಇಟ್ಟವರ ವಾಡಿಕೆ. ಬಾಳಿಕೆಯ ಮಾತಿನಲ್ಲಿ ಬಿಡಿಭಾಗ ಸುಲಭವಾಗಿ ಸಿಗುವುದಕ್ಕೆ ಎಂಜಿನ್ನಿನಷ್ಟೇ ತೂಕವಿದೆ: ಅಪರೂಪಕ್ಕೆ ಕೆಟ್ಟು ಎರಡು ತಿಂಗಳು ಗ್ಯಾರೇಜಿನಲ್ಲಿ ನಿಲ್ಲುವ ಗಾಡಿಗಿಂತ ಆಗಾಗ ಕೆಟ್ಟು ಮಧ್ಯಾಹ್ನದೊಳಗೆ ಎದ್ದು ನಡೆಯುವ ಗಾಡಿ ಹೆಚ್ಚು ನಂಬಿಕೆಯದ್ದು.

ದೆಹಲಿ ಸುತ್ತಲಿನ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ಮತ್ತು 15 ವರ್ಷ ದಾಟಿದ ಪೆಟ್ರೋಲ್ ವಾಹನಗಳು ರಸ್ತೆಗಿಳಿಯಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಅಲ್ಲಿನ ಡೀಸೆಲ್ ಗಾಡಿಗಳು ಅಗ್ಗದಲ್ಲಿ ಹೊರರಾಜ್ಯಗಳಿಗೆ ಹರಿದವು. ಉಪ್ಪು ತಿನ್ನದ ಲೋಹದ ದೃಷ್ಟಿಯಿಂದ ಅವು ಒಳ್ಳೆಯವೇ. ಆದರೆ ಹೊರರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಮರುನೋಂದಣಿ ಆಗಲೇಬೇಕು, ತೆರಿಗೆ ಹೊಸದಾಗಿ ಕಟ್ಟಬೇಕು. ಮೂಲ ಆರ್‌ಟಿಒದ ಎನ್‌ಒಸಿ, ಅಂದರೆ ನಮೂನೆ 28, ಇಲ್ಲದೆ ಅದು ಸಾಗದು. ಮುಂಬಯಿಯ ಗಾಡಿಯನ್ನು ಊರಿಗೆ ಒಯ್ಯುವವರಿಗೂ ಇದೇ ನಿಯಮ, ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ಗಾಡಿಯ ಬೆಲೆಗೆ ಮೊದಲೇ ಸೇರಿಸಿಕೊಳ್ಳಬೇಕು. 15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿ ನವೀಕರಣದ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ 600ರಿಂದ 5,000 ರೂಪಾಯಿಗೆ ಏರಿಸಿತು, ಮಹಾರಾಷ್ಟ್ರದ ಪರಿಸರ ತೆರಿಗೆ ಬೇರೆ.

ಹಳೆಯ ವಿಲ್ಲೀಸ್ ಎಂದು ಮಾರಾಟಕ್ಕೆ ಬರುವ ಅನೇಕ ಜೀಪುಗಳು ಹರಿಯಾಣದ ಮಂಡಿ ಡಬ್ವಾಲಿಯಂಥ ಕಡೆ ಹೊಸ ತಗಡು, ಬೇರೆ ಎಂಜಿನ್, ಬೇರೆ ಆಕ್ಸಲ್ ಸೇರಿಸಿ ಕಟ್ಟಿದವು. ಕಂಪನಿಯ ಮೂಲ ವಿನ್ಯಾಸಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುವುದಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಆದ್ದರಿಂದ ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಲೋಹದ ಮೇಲೆ ಕೊರೆದ ಅಂಕಿಗಳ ಜೊತೆ ಒಂದೊಂದಾಗಿ ಹೋಲಿಸಬೇಕು. ಚಾಸಿಯ ಅಂಕಿಗಳ ಸುತ್ತ ವೆಲ್ಡಿಂಗ್ ಅಥವಾ ಉಜ್ಜಿದ ಗುರುತಿದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿ ಸದ್ದು ಮಾಡಲಿ, ಮುಂಗಡ ಕೊಡದೆ ಹಿಂದಿರುಗುವುದು ಲೇಸು.