ನಕ್ಷೆಯ ಅಳತೆ ಮತ್ತು ನಕ್ಷೆಗಾರನ ರೂಢಿ: ಇಂಕ್‌ಸ್ಕೇಪ್ ತಂತ್ರಾಂಶದ ಒಂದು ನಿದರ್ಶನ

ಶಾಸನವನ್ನು ಓದುವವನು ಲಿಪಿಕಾರನ ರೂಢಿಯನ್ನೂ ಅರಿತಿರಬೇಕೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ವಿದಿತವಾದ ಸಂಗತಿ. ಗಣಕಯಂತ್ರದಲ್ಲಿ ರಚಿತವಾದ ನಕ್ಷೆಗೂ ಈ ನಿಯಮ ಅನ್ವಯಿಸುತ್ತದೆ. ರೇಖೆಗಳನ್ನು ಗಣಿತದ ರೂಪದಲ್ಲಿ ಉಳಿಸುವ ವೆಕ್ಟರ್ ಚಿತ್ರತಂತ್ರಾಂಶಗಳಲ್ಲಿ, ಬಳಸುವವನು ತನ್ನ ಇಚ್ಛೆಗೆ ತಕ್ಕಂತೆ ಮಾರ್ಪಡಿಸಿಕೊಳ್ಳಬಹುದಾದ ಏರ್ಪಾಡುಗಳಿಗೆ ಪ್ರಿಫರೆನ್ಸಸ್ ಎಂದು ಹೆಸರು. ಇವು ಕೇವಲ ಅನುಕೂಲಕ್ಕಾಗಿ ಇರುವುವಲ್ಲ. ಹಿಂದಿನ ನಿರ್ಣಯಗಳ ಕುರುಹುಗಳೂ ಹೌದು. ಇದನ್ನು ಇಂಕ್‌ಸ್ಕೇಪಿನ ಇತಿಹಾಸದಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಇಂಕ್‌ಸ್ಕೇಪ್ 2003ರಲ್ಲಿ ಸೋಡಿಪೋಡಿ ಎಂಬ ತಂತ್ರಾಂಶದಿಂದ ಕವಲೊಡೆದು ಹುಟ್ಟಿತು. 2001ರಲ್ಲಿ ಅಂಗೀಕೃತವಾದ ಎಸ್‌ವಿಜಿ ಮಾನಕವೇ ಅದರ ಕಡತಗಳಿಗೆ ಆಧಾರ. ಆ ಮಾನಕದ ಪ್ರಕಾರ ಮೂಲಬಿಂದುವು ಮೇಲಿನ ಎಡಮೂಲೆಯಲ್ಲಿದ್ದು, ವೈ ಅಕ್ಷವು ಕೆಳಮುಖವಾಗಿ ಸಾಗುತ್ತದೆ. ಆದರೆ ಇಂಕ್‌ಸ್ಕೇಪಿನ ತೆರೆಯಲ್ಲಿ ಬಹುಕಾಲ ಅದು ಗಣಿತದ ಪಠ್ಯಗಳಲ್ಲಿರುವಂತೆ ಮೇಲ್ಮುಖವಾಗಿತ್ತು. 2020ರ 1.0 ಆವೃತ್ತಿಯು ಮಾನಕದ ಕ್ರಮವನ್ನು ಅನುಸರಿಸಿತು. ಹಳೆಯ ಕ್ರಮವನ್ನು ಬಯಸುವವರಿಗೆ ಪ್ರಿಫರೆನ್ಸಸ್‌ನಲ್ಲಿ ಅವಕಾಶವನ್ನು ಉಳಿಸಿಕೊಟ್ಟಿತು.

ಇದಕ್ಕಿಂತ ಗಂಭೀರವಾದುದು ಅಳತೆಯ ಪ್ರಶ್ನೆ. 1998ರ ಸಿಎಸ್‌ಎಸ್ 2 ಮಾನಕವು ಪಿಕ್ಸೆಲ್ಲಿನ ಗಾತ್ರವನ್ನು ಅಂಗುಲಕ್ಕೆ 90ರ ಸಾಂದ್ರತೆಯ ಆಧಾರದ ಮೇಲೆ ಸೂಚಿಸಿತ್ತು. 2011ರ ಸಿಎಸ್‌ಎಸ್ 2.1 ಅದನ್ನು 96 ಎಂದು ನಿಗದಿಗೊಳಿಸಿತು. 90ನ್ನೇ ಬಳಸುತ್ತಿದ್ದ ಇಂಕ್‌ಸ್ಕೇಪ್ 2017ರ 0.92 ಆವೃತ್ತಿಯಲ್ಲಿ 96ಕ್ಕೆ ಬದಲಾಯಿತು. ಪರಿಣಾಮವಾಗಿ, ಪಿಕ್ಸೆಲ್ ಲೆಕ್ಕದಲ್ಲಿ ಉಳಿದಿದ್ದ 10 ಸೆಂಟಿಮೀಟರಿನ ಹಳೆಯ ರೇಖೆಯು, ಹೊಂದಾಣಿಕೆ ಮಾಡದೆ ತೆರೆದರೆ, 9.375 ಸೆಂಟಿಮೀಟರಿಗೆ ಇಳಿಯುತ್ತದೆ. 1:1000 ಪ್ರಮಾಣದ ಕೋಟೆಯ ನಕ್ಷೆಯೊಂದರಲ್ಲಿ 100 ಮೀಟರ್ ಗೋಡೆಯು 93.75 ಮೀಟರೆಂದು ಓದಲ್ಪಡುತ್ತದೆ. ಅಳೆದವನದಾಗಲಿ, ಬರೆದವನದಾಗಲಿ ದೋಷವಿಲ್ಲ. ಆದರೂ ಪ್ರಮಾಣವು ಸುಳ್ಳಾಗುತ್ತದೆ.

ಮತ್ತೊಂದು ಭೇದವನ್ನು ಗಮನಿಸಬೇಕು. ಪುಟದ ಗಾತ್ರ, ಅಳತೆಯ ಏಕಮಾನ ಮೊದಲಾದವು ಚಿತ್ರದ ಕಡತದೊಳಗೇ ಇರುತ್ತವೆ. ಆಕೃತಿಯನ್ನು ಹಿಗ್ಗಿಸುವಾಗ ರೇಖೆಯ ದಪ್ಪವೂ ಹಿಗ್ಗಬೇಕೇ ಎಂಬಂತಹ ಆಯ್ಕೆಗಳಾದರೋ ಬಳಸುವವನ ಗಣಕದಲ್ಲಿ, ಪ್ರತ್ಯೇಕವಾದ ಕಡತದಲ್ಲಿ ಉಳಿಯುತ್ತವೆ. ಆದುದರಿಂದ ಒಂದೇ ನಕ್ಷೆಯನ್ನು ಇಬ್ಬರು ಒಂದೇ ಬಗೆಯಾಗಿ ಹಿಗ್ಗಿಸಿದರೂ ಫಲವು ಭಿನ್ನವಾಗಬಹುದು. ಯಾವ ಆಯ್ಕೆ ಜಾರಿಯಲ್ಲಿತ್ತೆಂಬುದನ್ನು ಸಿದ್ಧವಾದ ಚಿತ್ರವು ಹೇಳುವುದಿಲ್ಲ.

ಆದಕಾರಣ ಸಂಶೋಧನೆಗಾಗಿ ನಕ್ಷೆ ರಚಿಸುವವರು ಎರಡು ಕ್ರಮಗಳನ್ನು ಪಾಲಿಸುವುದು ಉಚಿತ. ಪ್ರಮಾಣವನ್ನು ಅಂಕಿಯಲ್ಲಿ ಮಾತ್ರವಲ್ಲದೆ ಅಳತೆಪಟ್ಟಿಯಾಗಿಯೂ ಬರೆಯಬೇಕು; ಇಡೀ ಚಿತ್ರ ಕುಗ್ಗಿದಾಗ ಪಟ್ಟಿಯೂ ಅದರೊಡನೆ ಕುಗ್ಗಿ, ಸತ್ಯವನ್ನು ಕಾಯುತ್ತದೆ. ತಂತ್ರಾಂಶದ ಆವೃತ್ತಿಯನ್ನೂ ಮುಖ್ಯ ಏರ್ಪಾಡುಗಳನ್ನೂ ನಕ್ಷೆಯ ಅಂಚಿನಲ್ಲಿ ನಮೂದಿಸಬೇಕು. ಅಭಿರುಚಿಯು ವ್ಯಕ್ತಿಗೆ ಸೇರಿದ್ದು. ಅಳತೆಯು ಮುಂದೆ ಓದುವವರೆಲ್ಲರಿಗೂ ಸೇರಿದ್ದು.