ಹೆಬ್ಬೆಟ್ಟಿಗೂ ಮುಂಚಿನ ಮಾತು

ಹೊಸ ಆಪ್ ಹಾಕಿಕೊಳ್ಳುವಾಗ ಪುಟಗಟ್ಟಲೆ ನಿಯಮಗಳನ್ನು ಒಂದೇ ಸಲ ಸರಿಸಿ ‘ಒಪ್ಪಿದ್ದೇನೆ’ ಅಂತ ಒತ್ತುವ ಮಂದಿ ನಾವು. ಒಪ್ಪಿಗೆ ಅನ್ನೋದು ನಮಗೆ ಅಷ್ಟು ಅಗ್ಗ. ಆದರೆ ಮನುಷ್ಯರ ಬಗ್ಗೆ ಸಂಶೋಧನೆ ಮಾಡುವವರು ಜನರ ಹತ್ತಿರ ಹೋಗೋಕೂ ಮುಂಚೆ ನೈತಿಕ ಸಮಿತಿಯ ಅನುಮೋದನೆಗೆ ಕಾಯಬೇಕು. ಪ್ರಶ್ನಾವಳಿ, ಮಾಹಿತಿ ಪತ್ರ, ಒಪ್ಪಿಗೆ ಪತ್ರ, ಎಲ್ಲದರ ಕನ್ನಡ ಅನುವಾದ... ‘ಇಷ್ಟೆಲ್ಲಾ ಯಾಕ್ರೀ?’ ಅಂತ ಕೇಳುವ ಗೆಳೆಯರಿಗೆ ನಾನು ಮಂಡ್ಯದ್ದೇ ಒಂದು ಕಥೆ ಹೇಳ್ತೀನಿ.

1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಸಂಶೋಧಕಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಮಂಡ್ಯಕ್ಕೆ ಬಂದರು. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ್ದ ಯಹೂದಿ ಹೆಣ್ಣುಮಗಳು. ನಾಲೆ ನೀರು ಬಂದರೆ ಹಳ್ಳಿ ಹೇಗೆ ಬದಲಾಗುತ್ತೆ ಅನ್ನೋದು ಅವರ ಪ್ರಶ್ನೆ. ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಕಬ್ಬು ಬೆಳೆದ ಒಂದೂರು, ನೀರು ಹತ್ತದ ಇನ್ನೊಂದೂರು ಆರಿಸಿಕೊಂಡು ಸುಮಾರು ಎರಡು ವರ್ಷ ಅಧ್ಯಯನ ಮಾಡಿದರು. ಜಮೀನು, ಸಾಲ, ಜಾತಿ, ಜಗಳ ಎಲ್ಲವನ್ನೂ ಬರೆದುಕೊಂಡರು. 1962ರಲ್ಲಿ ಪುಸ್ತಕ ಬಂತು, ಇಂಗ್ಲಿಷಿನಲ್ಲಿ. ಊರುಗಳಿಗೆ ‘ವಾಂಗಲ’, ‘ದಲೇನಾ’ ಎಂಬ ಬದಲಿ ಹೆಸರು ಕೊಟ್ಟಿದ್ದರು.

ಆಗ ಇಂಥ ಅಧ್ಯಯನವನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಸಮಿತಿ ನಮ್ಮಲ್ಲಿ ಇರಲಿಲ್ಲ. ನಾಜಿ ವೈದ್ಯರ ವಿಚಾರಣೆಯಿಂದ ಹುಟ್ಟಿದ 1947ರ ನ್ಯೂರೆಂಬರ್ಗ್ ಸಂಹಿತೆ ಸ್ವಇಚ್ಛೆಯ ಒಪ್ಪಿಗೆ ಬೇಕೇಬೇಕು ಅಂದಿತ್ತು. ಆದರೆ ಅದು ವೈದ್ಯಕೀಯ ಪ್ರಯೋಗಗಳ ಮಾತು. ಹಳ್ಳಿಯಲ್ಲಿ ಪಟೇಲರು, ಯಜಮಾನರು ‘ಆಗ್ಲಿ’ ಅಂದರೆ ಊರೇ ಒಪ್ಪಿದ ಲೆಕ್ಕ. ದಲಿತ ಕೇರಿಯವರನ್ನಾಗಲಿ ಹೆಂಗಸರನ್ನಾಗಲಿ ಬೇರೆಯಾಗಿ ಕೇಳಬೇಕೆಂಬ ನಿಯಮ ಇರಲಿಲ್ಲ. ಅವರನ್ನು ಕಾಪಾಡೋಕೆ ಇದ್ದದ್ದು ಬದಲಿ ಹೆಸರು. ಅದೂ ಗಟ್ಟಿಯಲ್ಲ. ಎಂ.ಎನ್. ಶ್ರೀನಿವಾಸ್ ‘ರಾಂಪುರ’ ಅಂತ ಕರೆದದ್ದು ಬನ್ನೂರು ಕಡೆಯ ಕೊಡಗಹಳ್ಳಿ ಅನ್ನೋದು ಈಗ ಗುಟ್ಟೇನಲ್ಲ. ಇನ್ನು ಹೊರಗಿನವರಿಗೆ ಊರು ಗೊತ್ತಾಗದಿದ್ದರೂ, ಊರಿನವರಿಗೆ ಊರಿನವರ ಗುರುತು ಸಿಗದೇ ಇರುತ್ತಾ?

ಎಪ್‌ಸ್ಟೀನ್ ಕೆಡುಕು ಮಾಡಿದರು ಅಂತ ನಾನು ಹೇಳ್ತಿಲ್ಲ. ಅವರು 1970ರಲ್ಲಿ ಮತ್ತೆ ಬಂದರು. 1998ರಲ್ಲಿ ಬಂದ ‘ವಿಲೇಜ್ ವಾಯ್ಸಸ್’ ಪುಸ್ತಕಕ್ಕೆ ಸೂರ್ಯನಾರಾಯಣ, ತಿಮ್ಮೇಗೌಡ ಇಬ್ಬರೂ ಸಹಲೇಖಕರು. ಆದರೆ ಬಂದವರು ಒಳ್ಳೆಯವರಾಗಿದ್ದರೆ ಅದು ಊರಿನ ಅದೃಷ್ಟ. ಅದೃಷ್ಟವನ್ನೇ ನಂಬಿ ಕೂರೋಕಾಗಲ್ಲ, ನಿಯಮ ಬೇಕಿತ್ತು.

ಬಂತು, ನಿಧಾನಕ್ಕೆ. 1980ರಲ್ಲಿ ಐಸಿಎಂಆರ್ ಮೊದಲ ನೀತಿ ಹೇಳಿಕೆ ಹೊರಡಿಸಿತು. 2000ದ ವಿವರವಾದ ಮಾರ್ಗಸೂಚಿ ರೂಪಿಸಿದ ಸಮಿತಿಗೆ ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷರು. 2017ರ ಮಾರ್ಗಸೂಚಿ ಆರೋಗ್ಯಕ್ಕೆ ಸಂಬಂಧಿಸಿದ ಸಾಮಾಜಿಕ ಸಂಶೋಧನೆಯನ್ನೂ ಒಳಗೆ ತಂದುಕೊಂಡಿತು. ಊರಿನ ಹಿರಿಯರು ಹೂಂ ಅಂದರೂ ಪ್ರತಿಯೊಬ್ಬರ ಒಪ್ಪಿಗೆ ಬೇರೆಯೇ ಬೇಕು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧನೆಗೆ ಸಂಬಂಧಪಡದ ಸಾಕ್ಷಿ ಇರಬೇಕು. ಒಪ್ಪಿದ ಮೇಲೂ ಯಾವಾಗ ಬೇಕಾದರೂ ‘ಬ್ಯಾಡ’ ಅನ್ನಬಹುದು.

ಆದರೆ ಇಲ್ಲೊಂದು ತೊಡಕಿದೆ. ಸಮೀಕ್ಷೆಯೊಂದಕ್ಕೆ ಮದ್ದೂರು, ಮಳವಳ್ಳಿ ಹಳ್ಳಿಗಳಲ್ಲಿ ತಿರುಗುವಾಗ ಅದನ್ನು ಕಣ್ಣಾರೆ ಕಂಡಿದ್ದೇನೆ. ಜಗಲಿ ಮೇಲೆ ಕೂರಿಸಿ ಕಾಫಿ ಕೊಟ್ಟು ಮನಸ್ಸು ಬಿಚ್ಚಿ ಮಾತಾಡಿದವರು, ಒಪ್ಪಿಗೆ ಪತ್ರ ಮತ್ತು ಇಂಕ್ ಪ್ಯಾಡ್ ಹೊರಗೆ ತೆಗೆದ ಕೂಡಲೇ ಗಪ್‌ಚಿಪ್. ‘ಹೆಬ್ಬೆಟ್ಟು ಒತ್ತಿದ್ ಕಾಗ್ದ ಸುಮ್ಕೆ ಬುಟ್ಟದಾ ಮಗ?’ ಅಂದರು ಒಬ್ಬ ಅಜ್ಜಿ. ಅವರ ಆಯುಸ್ಸಿನಲ್ಲಿ ಹೆಬ್ಬೆಟ್ಟು ಅಂದರೆ ಸಾಲದ ಪತ್ರ, ಜಮೀನಿನ ಕ್ರಯಪತ್ರ, ಸಂಘದ ಕಂತು. ಅವರನ್ನು ಕಾಪಾಡೋಕೆ ಅಂತ ತಂದ ಕಾಗದವೇ ಅವರನ್ನು ಹೆದರಿಸುತ್ತೆ.

ಹಾಗಂತ ಕಾಗದವನ್ನು ಬಿಡೋಕಾಗಲ್ಲ. ಅದಕ್ಕೆ ಮುಂಚಿನ ಮಾತು ಬಿಡಬಾರದು ಅಷ್ಟೇ. ಪತ್ರವನ್ನು ಅವರ ಕನ್ನಡದಲ್ಲೇ ಓದಿ ಹೇಳಬೇಕು, ಮಕ್ಕಳು ಮೊಮ್ಮಕ್ಕಳ ಹತ್ತಿರ ಕೇಳೋಕೆ ಒಂದು ದಿನ ಬಿಟ್ಟು ಮತ್ತೆ ಹೋಗಬೇಕು. ಆಗಲೂ ‘ಬ್ಯಾಡ’ ಅಂದರೆ ಕೈ ಮುಗಿದು ಎದ್ದು ಬರಬೇಕು. ಪಟೇಲರೇ ಊರಿಗೆಲ್ಲ ಹೂಂ ಅನ್ನುತ್ತಿದ್ದ ಕಾಲದಲ್ಲಿ ಇಂಥ ಅಜ್ಜಿಯ ‘ಬ್ಯಾಡ’ ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಈಗ ಬರುತ್ತೆ. ಸಮಿತಿ ಕಾಯಿಸೋದು ಅದಕ್ಕಾಗಿಯೇ ಆದರೆ, ಕಾಯೋಣ ಬಿಡಿ.